ಇಂಗ್ಲಿಷ್ ಪ್ಯಾಸೇಜ್‌ಗೆ ಏನು ಓದಬೇಕು? ಪೇಪರಾ, ಪದಗಳ ಪುಸ್ತಕವಾ, ಆ್ಯಪಾ, ಕ್ಲಾಸಾ?

ವಿಜಯಪುರದ ಯಾವ ರೀಡಿಂಗ್ ರೂಮಿಗೆ ಹೋದರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಲ್ಲಿ ಇಂಗ್ಲಿಷ್ ಬಗ್ಗೆ ಒಂದೇ ಮಾತು. "ಗಣಿತ ಆಗ್ತದ್ರಿ ಸರ್, ಜಿಕೆ ಆಗ್ತದ್ರಿ, ಇಂಗ್ಲಿಷ್ ಪ್ಯಾಸೇಜ್ ಬಂತಂದ್ರ ಕೈಕಾಲು ಆಡೂದಿಲ್ರಿ." ಪ್ಯಾಸೇಜ್ ಅಂದರೆ ಓದಿ ಪ್ರಶ್ನೆಗಳಿಗೆ ಉತ್ತರಿಸಲು ಕೊಡುವ ಗದ್ಯಭಾಗ. ಈ ಭಯಕ್ಕೆ ಸಿಗುವ ಸಲಹೆಗಳೂ ಎಲ್ಲ ಕಡೆ ಒಂದೇ ಥರ. ದಿನಾ 'ದಿ ಹಿಂದೂ' ಇಂಗ್ಲಿಷ್ ಪೇಪರ್ ಓದು. ದಪ್ಪನೆಯ ವೊಕ್ಯಾಬ್ಯುಲರಿ ಪುಸ್ತಕ ತಗೋ. ಟೆಲಿಗ್ರಾಂ ಗ್ರೂಪಿಗೆ ಸೇರು. ಆಗಲಿಲ್ಲವಾ, ಧಾರವಾಡಕ್ಕೆ ಹೋಗಿ ಕೋಚಿಂಗ್ ಹಚ್ಚು. ಹೇಳುವವರು ಒಳ್ಳೆಯದಾಗಲಿ ಅಂತಲೇ ಹೇಳುತ್ತಾರೆ. ಆದರೆ ನೀನು ಯಾವ ಪರೀಕ್ಷೆ ಬರೆಯುತ್ತಿದ್ದೀಯ, ಪ್ಯಾಸೇಜಿನಲ್ಲಿ ಎಲ್ಲಿ ಎಡವುತ್ತೀಯ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಮೇಲಿನ ದಾರಿಗಳಲ್ಲಿ ಯಾವುದು ನಿಮಗೆ, ಯಾವುದು ಬೇಡ ಅನ್ನುವುದು ಬಹುಮಟ್ಟಿಗೆ ತಾನೇ ತಿಳಿಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೆಳಗಾವಿ ಕಡೆಯ ಮರಾಠಿ ಮಾಧ್ಯಮದವರಿಗೂ ಹೆಚ್ಚು ಕಡಿಮೆ ಇದೇ ಲೆಕ್ಕ.

ಮೊದಲು ಸಿಲೆಬಸ್ ಪುಟ ತೆಗೆಯಿರಿ

ಕೇಂದ್ರ ಸರ್ಕಾರದ ಕಚೇರಿಗಳ ಹುದ್ದೆಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ. ಅದರಲ್ಲಿ ಇಂಗ್ಲಿಷ್ 25, ಅಂಕ 50. ಎರಡನೇ ಹಂತದಲ್ಲಿ ಇಂಗ್ಲಿಷ್ ಪ್ರಶ್ನೆ 45, ಒಂದೊಂದಕ್ಕೆ 3 ಅಂಕ, ಒಟ್ಟು 135. ಅಲ್ಲಿ ಒಂದು ತಪ್ಪಿಗೆ ಒಂದು ಅಂಕ ಹೋಗುತ್ತದೆ. ಪ್ಯಾಸೇಜ್ ಜೊತೆಗೆ ಸಿನೊನಿಮ್ (ಸಮಾನಾರ್ಥ), ಆಂಟೊನಿಮ್ (ವಿರುದ್ಧಾರ್ಥ), ಈಡಿಯಮ್ (ನುಡಿಗಟ್ಟು), ಒನ್ ವರ್ಡ್ (ಇಡೀ ವಿವರಣೆಗೆ ಒಂದೇ ಪದ), ಸ್ಪೆಲ್ಲಿಂಗ್ ಎಲ್ಲ ಇರುತ್ತದೆ. ಅಂದರೆ ಬಿಡಿ ಪದಗಳ ತಯಾರಿಗೆ ಇಲ್ಲಿ ನೇರವಾಗಿ ಅಂಕ ಸಿಗುತ್ತದೆ.

ಬ್ಯಾಂಕ್ ಪರೀಕ್ಷೆಯ ಸ್ವಭಾವ ಬೇರೆ. ಐಬಿಪಿಎಸ್ ನಡೆಸುವ ಪಿಒ (ಬ್ಯಾಂಕ್ ಅಧಿಕಾರಿ) ಮತ್ತು ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ 30 ಪ್ರಶ್ನೆ, ಸಮಯ 20 ನಿಮಿಷ. ಇಪ್ಪತ್ತು ನಿಮಿಷ ಆದ ಕೂಡಲೇ ಆ ಭಾಗ ಮುಚ್ಚಿಕೊಳ್ಳುತ್ತದೆ, ಗಣಿತದಲ್ಲಿ ಉಳಿಸಿದ ಸಮಯವನ್ನು ಇಲ್ಲಿಗೆ ತರಲು ಬರುವುದಿಲ್ಲ. ಇಲ್ಲಿ ಪದದ ಅರ್ಥವನ್ನು ಜಾಸ್ತಿ ಕೇಳುವುದು ಪ್ಯಾಸೇಜ್ ಒಳಗೇ, ಸಂದರ್ಭದ ಮೇಲೆ. ಬರೀ ಪಟ್ಟಿ ಬಾಯಿಪಾಠ ಮಾಡಿದವನು ಎಸ್‌ಎಸ್‌ಸಿಯಲ್ಲಿ ಹೇಗೋ ದಾಟುತ್ತಾನೆ, ಬ್ಯಾಂಕಿನಲ್ಲಿ ಸಿಕ್ಕಿಬೀಳುತ್ತಾನೆ.

ನಮ್ಮ ರಾಜ್ಯದ ಪರೀಕ್ಷೆಗಳಲ್ಲಿ ಭಾರ ಕಡಿಮೆ. 2024ರ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಯ ಎರಡನೇ ಪತ್ರಿಕೆಯಲ್ಲಿ ಸಾಮಾನ್ಯ ಕನ್ನಡಕ್ಕೆ 35, ಸಾಮಾನ್ಯ ಇಂಗ್ಲಿಷ್‌ಗೆ 35, ಕಂಪ್ಯೂಟರ್‌ಗೆ 30 ಅಂಕ ಇತ್ತು. ಈ ಮೂವತ್ತೈದಕ್ಕೆ ಸಂಪಾದಕೀಯ ಓದಿ ತಲೆ ಕೆಡಿಸಿಕೊಳ್ಳುವುದು ಸುಮ್ನೆ ಶ್ರಮ. ಹೈಸ್ಕೂಲ್ ಮಟ್ಟದ ವ್ಯಾಕರಣ, ಹಳೆಯ ಪತ್ರಿಕೆಗಳು, ಒಂದಿಷ್ಟು ಪದ ಇದ್ದರೆ ಸಾಕು. ಪಿಎಸ್‌ಐ ಬರೆಯುವವರ ಮೊದಲ ಪತ್ರಿಕೆಯಲ್ಲಿ ಪ್ರಬಂಧ, ಸಾರಾಂಶ, ಅನುವಾದ ಇವೆ. ಅದು ಟಿಕ್ ಹಾಕುವ ವಿದ್ಯೆಯಲ್ಲ, ಕೈಯಲ್ಲಿ ಬರೆಯುವ ಕೆಲಸ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ 150 ಅಂಕದ ಇಂಗ್ಲಿಷ್, ಯುಪಿಎಸ್‌ಸಿಯಲ್ಲಿ 300 ಅಂಕದ ಇಂಗ್ಲಿಷ್ ಕಡ್ಡಾಯ. ರ‍್ಯಾಂಕಿಗೆ ಸೇರುವುದಿಲ್ಲ, ಆದರೆ ಪಾಸಾಗದಿದ್ದರೆ ಉಳಿದ ಪತ್ರಿಕೆಗಳಿಗೆ ಬೆಲೆಯಿಲ್ಲ. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಿಸ್ಯಾಟ್ (ಗ್ರಹಿಕೆ, ತರ್ಕ, ಲೆಕ್ಕದ ಎರಡನೇ ಪತ್ರಿಕೆ) ಕೂಡ ಶೇ 33 ಬಂದರೆ ಸಾಕು ಅನ್ನುವ ಪತ್ರಿಕೆ. ಪ್ಯಾಸೇಜ್ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ನಮ್ಮ ಹುಡುಗರು ಅದನ್ನು ಹಗುರಾಗಿ ತೆಗೆದುಕೊಂಡು ಅಲ್ಲೇ ಉಳಿಯುತ್ತಾರೆ.

ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಒಂದೇ ಪ್ಯಾಸೇಜ್, ಐದು ಪ್ರಶ್ನೆ. ರೈಲ್ವೆ ಎನ್‌ಟಿಪಿಸಿಗಷ್ಟೇ ಓದುತ್ತಿದ್ದರೆ ಇಂಗ್ಲಿಷ್ ಭಾಗವೇ ಇಲ್ಲ, ಪ್ರಶ್ನೆಗಳು ಕನ್ನಡದಲ್ಲೂ ಸಿಗುತ್ತವೆ. ಈ ಬರಹವನ್ನು ಇಲ್ಲಿಗೇ ಬಿಟ್ಟು ಗಣಿತಕ್ಕೆ ಕೂತರೂ ನನಗೆ ಬೇಸರವಿಲ್ಲ. ವಿಜಯಪುರದ ಪಾಲಕರು ಸೈನಿಕ ಶಾಲೆಯ ಬಗ್ಗೆಯೂ ಕೇಳುತ್ತಾರೆ. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಒಂಬತ್ತನೇ ತರಗತಿಯದು ಇಂಗ್ಲಿಷ್‌ನಲ್ಲಿ ಮಾತ್ರ. ಮಗುವಿಗೆ ಯಾವಾಗಿಂದ ಇಂಗ್ಲಿಷ್ ಓದಿಸಬೇಕು ಅನ್ನುವುದು ಇದರ ಮೇಲೇ ನಿಲ್ಲುತ್ತದೆ.

ಮಾದರಿಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವರ್ಷದ ನೋಟಿಫಿಕೇಷನ್ನನ್ನೇ ನೋಡಿ.

ತೊಂದರೆ ಪದದ್ದಾ, ವಾಕ್ಯದ್ದಾ?

ಹಳೆಯ ಪತ್ರಿಕೆಯಿಂದ ಇನ್ನೂರು ಇನ್ನೂರೈವತ್ತು ಪದಗಳ ಒಂದು ಪ್ಯಾಸೇಜ್ ಆರಿಸಿಕೊಳ್ಳಿ. ಕೈಯಲ್ಲಿ ಪೆನ್ಸಿಲ್ ಇರಲಿ, ಮೊಬೈಲ್ ದೂರ ಇರಲಿ. ಗಡಿಯಾರ ನೋಡಿ ಓದಿ. ಗೊತ್ತಿಲ್ಲದ ಪದಕ್ಕೆಲ್ಲ ಗೆರೆ ಎಳೆಯಿರಿ. ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಆಮೇಲೆ ಗೆರೆ ಎಳೆದ ಪದಗಳ ಅರ್ಥ ಹುಡುಕಿಕೊಂಡು ಅದೇ ಪ್ಯಾಸೇಜನ್ನು ಇನ್ನೊಮ್ಮೆ ಓದಿ.

ಈಗ ಸಲೀಸಾಗಿ ಅರ್ಥವಾಯಿತಾ? ಹಾಗಾದರೆ ನಿಮ್ಮ ತೊಂದರೆ ಪದಗಳದ್ದು. ಪದವೆಲ್ಲ ಗೊತ್ತಾದ ಮೇಲೂ ಮಸುಕು ಮಸುಕೇ? ಆಗ ತೊಂದರೆ ವಾಕ್ಯದ್ದು. ಎರಡು ಸಲವೂ ಅರ್ಥವಾಗಿ, ಉತ್ತರ ಮಾತ್ರ ತಪ್ಪಾದರೆ ನೀವು ಪ್ರಶ್ನೆಯನ್ನು ಸರಿಯಾಗಿ ಓದುತ್ತಿಲ್ಲ. ಎಲ್ಲ ಸರಿ ಬಂದು ಹತ್ತು ನಿಮಿಷ ಹಿಡಿದರೆ ವೇಗ ಬೇಕು, ಅದಕ್ಕೆ ಹೊಸ ಪುಸ್ತಕ ಬೇಡ.

ನಾನು ನೋಡಿದ ಹಾಗೆ ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಎರಡನೇ ಗುಂಪಿನವರೇ ಜಾಸ್ತಿ. ಆದರೆ ಎಲ್ಲರೂ ಕೊಳ್ಳುವುದು ಮೊದಲನೇ ಗುಂಪಿನ ಔಷಧಿ, ಪದಗಳ ಪುಸ್ತಕ! ಕಾರಣ ಇದೆ. ಕನ್ನಡದಲ್ಲಿ 'ಹೋದ ವರ್ಷ ಹೊಳೆ ಬಂದು ಮನೆ ಕಳೆದುಕೊಂಡ ರೈತ' ಅಂತ ವಿವರವೆಲ್ಲ ಮೊದಲು ಹೇಳಿ ಆಮೇಲೆ ರೈತನನ್ನು ತರುತ್ತೇವೆ. ಇಂಗ್ಲಿಷ್‌ನಲ್ಲಿ ರೈತ ಮೊದಲೇ ಬಂದು ನಿಲ್ಲುತ್ತಾನೆ. ಆಮೇಲೆ 'ಹೂ' ಅಂತ ಶುರುವಾಗಿ ಅವನ ಕಥೆ ಎರಡು ಸಾಲು ಓಡುತ್ತದೆ. ಅವನು ಕೊನೆಗೆ ಏನು ಮಾಡಿದ ಅನ್ನುವ ಕ್ರಿಯಾಪದ ಅದರಾಚೆ ಸಿಗುತ್ತದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಯಾರ ಬಗ್ಗೆ ಓದುತ್ತಿದ್ದೆವು ಅನ್ನುವುದೇ ತಪ್ಪಿಹೋಗಿರುತ್ತದೆ. ಇದಕ್ಕೆ ಪಟ್ಟಿ ಓದಿದರೆ ಏನು ಪ್ರಯೋಜನ? ದಿನಕ್ಕೆ ಐದು ಉದ್ದನೆಯ ವಾಕ್ಯ ತಗೊಂಡು, ಕೆಲಸ ಮಾಡಿದವರನ್ನು (ಕರ್ತೃವನ್ನು) ಹೇಳುವ ಪದದ ಕೆಳಗೆ ಗೆರೆ, ಮುಖ್ಯ ಕ್ರಿಯಾಪದದ ಸುತ್ತ ಸುತ್ತು ಹಾಕುತ್ತ ಹೋಗಿ. ಮೊದಲ ವಾರ ಬೇಜಾರಾಗುತ್ತದೆ. ಆಮೇಲೆ ಕಣ್ಣು ತಾನೇ ಹುಡುಕಲು ಕಲಿಯುತ್ತದೆ.

ಇದರ ಜೊತೆಗೆ ಸಣ್ಣ ಸಣ್ಣ ಪದಗಳ ಮೇಲೆ ನಿಗಾ ಇರಲಿ. ಆಲ್ದೋ, ಡಿಸ್ಪೈಟ್, ಅನ್‌ಲೆಸ್, ಹಾರ್ಡ್‌ಲಿ, ನೆವರ್‌ದಿಲೆಸ್, ಲೆಟ್ ಅಲೋನ್. ಇವು ಯಾವ 'ಟಾಪ್ 500' ಪಟ್ಟಿಯಲ್ಲೂ ಎದ್ದು ಕಾಣುವುದಿಲ್ಲ. ಆದರೆ ಲೇಖಕ ಮಾತು ತಿರುಗಿಸುವುದು ಇಲ್ಲೇ, ಪ್ರಶ್ನೆ ತೆಗೆಯುವವನು ಕೈ ಹಾಕುವುದೂ ಇಲ್ಲೇ. 'ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ' ಅನ್ನುವ ಅರ್ಥದ 'ಹಾರ್ಡ್‌ಲಿ' ಅನ್ನು 'ಕಷ್ಟಪಟ್ಟು' ಅಂತ ಓದಿಕೊಂಡರೆ ಇಡೀ ಪ್ಯಾಸೇಜಿನ ದಿಕ್ಕು ಉಲ್ಟಾ ಆಗುತ್ತದೆ.

ಏನು ಓದಬೇಕು: ಹಿಂದೂ, ಡೆಕ್ಕನ್ ಹೆರಾಲ್ಡ್, ಇಲ್ಲ ಶಾಲೆಯ ಪುಸ್ತಕ?

ನೇರವಾಗಿ ಹೇಳುತ್ತೇನೆ. ಕನ್ನಡ ಮಾಧ್ಯಮದಿಂದ ಬಂದು ಈಗಷ್ಟೇ ಶುರು ಮಾಡುವವರಿಗೆ ಹಿಂದೂ ಸಂಪಾದಕೀಯ ಪುಟ ಬೇಡ. ಪೇಪರ್ ಕೆಟ್ಟದ್ದು ಅಂತಲ್ಲ, ಅದು ಎರಡನೇ ಮಹಡಿ. ಓದುವಿಕೆಯ ಬಗ್ಗೆ ಸಂಶೋಧನೆ ಮಾಡಿದವರು ಒಂದು ಅಳತೆ ಹೇಳುತ್ತಾರೆ: ಯಾರ ಸಹಾಯವೂ ಇಲ್ಲದೆ ಆರಾಮಾಗಿ ಅರ್ಥವಾಗಬೇಕಾದರೆ ನೂರು ಪದದಲ್ಲಿ 98 ಗೊತ್ತಿರಬೇಕು. 95ಕ್ಕಿಂತ ಕೆಳಗೆ ಹೋದರೆ ಅದು ಓದು ಆಗುವುದಿಲ್ಲ, ಡಿಕ್ಷನರಿ ತಿರುವುವ ಕೆಲಸ ಆಗುತ್ತದೆ. ನೀವೇ ಪರೀಕ್ಷಿಸಿ ನೋಡಿ. ಯಾವುದೇ ಬರಹದಲ್ಲಿ ನೂರು ಪದ ಎಣಿಸಿ, ಐದಕ್ಕಿಂತ ಹೆಚ್ಚು ಪದ ಗೊತ್ತಿಲ್ಲದಿದ್ದರೆ ಸದ್ಯಕ್ಕೆ ಅದನ್ನು ಮಡಚಿಡಿ.

ಹಾಗಾದರೆ ಶುರು ಎಲ್ಲಿಂದ? ನನ್ನ ಆಯ್ಕೆ ಎಂಟು, ಒಂಬತ್ತು, ಹತ್ತನೇ ತರಗತಿಯ ಸಮಾಜ ವಿಜ್ಞಾನ. ಅದೂ ಇಂಗ್ಲಿಷ್ ಮಾಧ್ಯಮದ್ದು. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಕನ್ನಡ ಮಾಧ್ಯಮದ್ದೂ ಇಂಗ್ಲಿಷ್ ಮಾಧ್ಯಮದ್ದೂ ಎರಡೂ ಪಿಡಿಎಫ್‌ಗಳು ಪುಕ್ಕಟೆ ಸಿಗುತ್ತವೆ. ಪಾಠ ಒಂದೇ, ಭಾಷೆ ಎರಡು. ಮೊದಲು ಕನ್ನಡದಲ್ಲಿ ಒಂದು ಪುಟ ಓದಿ, ಆಮೇಲೆ ಅದೇ ಪುಟ ಇಂಗ್ಲಿಷ್‌ನಲ್ಲಿ. ವಿಷಯ ಗೊತ್ತಿರುವುದರಿಂದ ಅರ್ಧ ಪದಗಳ ಅರ್ಥ ಊಹೆಗೇ ಸಿಗುತ್ತದೆ, ಜೊತೆಗೆ ಜಿಕೆ ತಯಾರಿಯೂ ಆಗುತ್ತದೆ. "ಡಿಗ್ರಿ ಮುಗಿಸಿ ಒಂಬತ್ತನೇತ್ತೆ ಪುಸ್ತಕ ಓದೂದೇನ್ರಿ?" ಅಂತ ಕೆಲವರಿಗೆ ನಾಚಿಕೆ. ಪಿಡಿಎಫ್ ಮೊಬೈಲ್‌ನಲ್ಲಿದೆ, ಪಕ್ಕದವರಿಗೆ ಏನು ಗೊತ್ತಾಗುತ್ತದೆ?

ಎರಡನೇ ಮೆಟ್ಟಿಲು ಡೆಕ್ಕನ್ ಹೆರಾಲ್ಡ್. ಇದನ್ನು ಹೇಳುವುದಕ್ಕೆ ಒಂದು ಸರಳ ಕಾರಣವಿದೆ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಎರಡೂ 1948ರಲ್ಲಿ ಶುರುವಾದ ಒಂದೇ ಮನೆಯ ಪೇಪರುಗಳು. ಕರ್ನಾಟಕದ ಸುದ್ದಿ ಎರಡರಲ್ಲೂ ಧಾರಾಳ. ಬೆಳಿಗ್ಗೆ ಪ್ರಜಾವಾಣಿಯಲ್ಲಿ ಓದಿದ ಸುದ್ದಿಯನ್ನೇ ಹೆರಾಲ್ಡ್‌ನಲ್ಲಿ ಹುಡುಕಿ ಓದಿ. ಪ್ಯಾಸೇಜ್ ಅರ್ಥವಾಗದಿರಲು ಭಾಷೆಯಷ್ಟೇ ದೊಡ್ಡ ಕಾರಣ ವಿಷಯದ ಪರಿಚಯ ಇಲ್ಲದಿರುವುದು. ಲಂಡನ್ ಷೇರುಪೇಟೆಯ ಬಗ್ಗೆ ಓದುವಾಗ ನಮಗೆ ಎರಡು ಭಾರ, ಭಾಷೆಯದೂ ವಿಷಯದ್ದೂ. ಆಲಮಟ್ಟಿಯ ಬಗ್ಗೆ ಓದುವಾಗ ಒಂದೇ.

ಆಲಮಟ್ಟಿಯನ್ನೇ ತಗೊಳ್ಳಿ. ಅಣೆಕಟ್ಟಿನ ಎತ್ತರವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ವಿಷಯ ಬಾಗಲಕೋಟೆಯಲ್ಲಿ ಚಹಾದಂಗಡಿಯ ಮಾತು. ಹಳೆ ಊರು ಮುಳುಗಿ ನವನಗರ ಎದ್ದದ್ದನ್ನು ಮನೆಯ ಹಿರಿಯರು ನೋಡಿದ್ದಾರೆ. ಈ ವಿಷಯದ ಒಂದು ಇಂಗ್ಲಿಷ್ ಸುದ್ದಿಯಲ್ಲಿ ಸಬ್‌ಮರ್ಜೆನ್ಸ್, ಡಿಸ್‌ಪ್ಲೇಸ್ಡ್, ರಿಹ್ಯಾಬಿಲಿಟೇಷನ್, ಕಾಂಪೆನ್ಸೇಷನ್, ಟ್ರಿಬ್ಯುನಲ್, ಅಪ್‌ಸ್ಟ್ರೀಮ್, ಕನ್ಸೆನ್ಸಸ್ ಇಷ್ಟೂ ಸಿಗುತ್ತವೆ. ಇವುಗಳ ಅರ್ಥವನ್ನು ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಾ? ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವಾಗ ಅಡ್ಜರ್ನ್, ಅಪ್‌ರೋರ್, ವಾಕ್‌ಔಟ್, ಯುನಾನಿಮಸ್, ಟೇಬಲ್ಡ್ ಅನ್ನುವ ಪದಗಳು ದಿನಾ ಪೇಪರಿನಲ್ಲಿ. ಕಬ್ಬಿನ ದರದ ಹೋರಾಟದಲ್ಲಿ ಎಫ್‌ಆರ್‌ಪಿ ಅಂತ ಎಲ್ಲರೂ ಅನ್ನುತ್ತಾರೆ. ಅದರ ಪೂರ್ತಿ ರೂಪ ಫೇರ್ ಅಂಡ್ ರೆಮ್ಯುನರೇಟಿವ್ ಪ್ರೈಸ್. ಲಾಭ ತರುವಂಥದ್ದು ಅನ್ನುವ ಈ ರೆಮ್ಯುನರೇಟಿವ್‌ಗೆ ಸಿನೊನಿಮ್ ಕೇಳಿದರೆ ಲುಕ್ರೇಟಿವ್, ಪ್ರಾಫಿಟಬಲ್. ಇಂಥ ಪದ ಒಮ್ಮೆ ಹೊಲದ ಜೊತೆ ತಲೆಯಲ್ಲಿ ಕೂತರೆ ಮರೆಯುವುದು ಕಷ್ಟ.

ಓದುವ ರೀತಿ ಹೀಗಿರಲಿ. ದಿನಕ್ಕೆ ಒಂದೇ ಸುದ್ದಿ, ಇಲ್ಲ ಒಂದೇ ಲೇಖನ. ಮೊದಲ ಸಲ ನಿಲ್ಲದೆ ಓದಿ. ಎರಡನೇ ಸಲ ಗೊತ್ತಿಲ್ಲದ ಪದಕ್ಕೆ ಗೆರೆ. ಅದರಲ್ಲಿ ಐದನ್ನು ಮಾತ್ರ ನೋಟ್‌ಬುಕ್ಕಿಗೆ ತಗೊಳ್ಳಿ, ಉಳಿದದ್ದು ಮತ್ತೆ ಸಿಕ್ಕಾಗ ನೋಡೋಣ. ಕೊನೆಗೆ ಪೇಪರ್ ಮುಚ್ಚಿ, ಲೇಖಕ ಏನು ಹೇಳಿದ ಅಂತ ಮೂರು ವಾಕ್ಯದಲ್ಲಿ ಬರೆಯಿರಿ. ಟಿಕ್ ಹಾಕುವ ಪರೀಕ್ಷೆಗಾದರೆ ಈ ಮೂರು ವಾಕ್ಯ ಕನ್ನಡದಲ್ಲಿದ್ದರೂ ಅಡ್ಡಿಯಿಲ್ಲ. ಅಲ್ಲಿ ಬೇಕಾದದ್ದು ಅರ್ಥ. ಸಾರಾಂಶ ಬರೆಯುವ ಪರೀಕ್ಷೆಗಾದರೆ ಇಂಗ್ಲಿಷ್‌ನಲ್ಲೇ ಬರೆಯಬೇಕು.

ಹಿಂದೂ, ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯಗಳು ಯಾರಿಗೆ? ಹೆರಾಲ್ಡ್ ಸುದ್ದಿ ತಡೆಯಿಲ್ಲದೆ ಓದುವವರಿಗೆ, ಬ್ಯಾಂಕ್ ಪಿಒ ಮುಖ್ಯ ಪರೀಕ್ಷೆ, ಸಿಸ್ಯಾಟ್, ಕ್ಲ್ಯಾಟ್ (ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ) ಬರೆಯುವವರಿಗೆ. ಅಲ್ಲಿ ಬರುವುದು ವಾದ ಮಾಡುವ ಗದ್ಯ. ಲೇಖಕನ ನಿಲುವು ಏನು, ಅವನು ಹೇಳದೆ ಒಪ್ಪಿಕೊಂಡಿರುವುದು ಏನು, ದನಿ ವ್ಯಂಗ್ಯದ್ದಾ ಕಾಳಜಿಯದ್ದಾ ಅಂತ ಕೇಳುತ್ತಾರೆ. ಇದಕ್ಕೆ ಸುದ್ದಿ ಓದಿದರೆ ಸಾಲದು. ಎಸ್‌ಎಸ್‌ಸಿಗೆ ಮಾತ್ರ ಓದುವವರು ಸಂಪಾದಕೀಯಕ್ಕೆ ದಿನಕ್ಕೆ ಒಂದು ತಾಸು ಕೊಡುವುದು ನನ್ನ ಮಟ್ಟಿಗೆ ದುಬಾರಿ.

ಖರ್ಚಿನ ಮಾತು: ಪೇಪರನ್ನು ಮನೆಗೆ ಹಾಕಿಸಲೇಬೇಕು ಅಂತೇನಿಲ್ಲ. ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ಕೂತು ಓದಬಹುದು. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಇಂಗ್ಲಿಷ್ ಪೇಪರ್ ತರಿಸುತ್ತಾರಾ ಕೇಳಿ, ನಾಲ್ಕು ಜನ ಕೂಡಿ ಕೇಳಿದರೆ ಇನ್ನೂ ಒಳ್ಳೆಯದು. ಇನ್ನೊಂದು ಪುಕ್ಕಟೆ ಪಾಠ ನಮ್ಮ ಸುತ್ತಲೇ ಇದೆ. ಗೋಳಗುಮ್ಮಟ, ಬಾದಾಮಿ, ಪಟ್ಟದಕಲ್ಲಿಗೆ ಹೋದಾಗ ಪುರಾತತ್ವ ಇಲಾಖೆಯ ಫಲಕಗಳನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಓದಿ. ಸ್ಮಾರಕಗಳ ಮೇಲೆ ಪ್ಯಾಸೇಜ್ ಬಂದರೆ ಮಾಸೋಲಿಯಂ, ಡೋಮ್, ಇನ್‌ಸ್ಕ್ರಿಪ್ಷನ್ ಅನ್ನುವ ಪದಗಳು ಹೊಸದಾಗಿ ಕಾಣುವುದಿಲ್ಲ.

ಪದಗಳಿಗೆ: ಪುಸ್ತಕ, ಹಳೆಯ ಪತ್ರಿಕೆ, ಆ್ಯಪ್, ಚೀಟಿ

ಪದಗಳ ಪುಸ್ತಕದಲ್ಲಿ ಎರಡು ಜಾತಿ. ಅಕ್ಷರಾನುಕ್ರಮದಲ್ಲಿ ಸಾವಿರಾರು ಪದ ಸುರಿದಿರುವುದು ಒಂದು. ಮೂಲ ಹಿಡಿದು ಗುಂಪು ಗುಂಪಾಗಿ ಕಲಿಸುವುದು ಇನ್ನೊಂದು. ಮೊದಲನೆಯದನ್ನು ಕೊಳ್ಳುವವರು 'ಎ' ಅಕ್ಷರ ದಾಟುವುದು ಅಪರೂಪ. ಅಬೇಟ್, ಅಬ್‌ಹಾರ್, ಅಬ್‌ಸ್ಟೇನ್ ಎಲ್ಲರಿಗೂ ಗೊತ್ತು, 'ಎಂ' ಯಾರಿಗೂ ಗೊತ್ತಿಲ್ಲ! ಎರಡನೆಯ ಜಾತಿ ವಾಸಿ. ಪೆಸ್ಟಿಸೈಡ್ ಗೊತ್ತಿಲ್ಲದ ರೈತರ ಮಕ್ಕಳು ಯಾರಿದ್ದಾರೆ? ಕೊಲ್ಲುವುದು ಅನ್ನುವ ಅರ್ಥದ ಆ 'ಸೈಡ್' ಬಾಲ ಹಿಡಿದರೆ ಹೋಮಿಸೈಡ್, ಜೆನೊಸೈಡ್, ರೆಜಿಸೈಡ್ ಎಲ್ಲ ಒನ್ ವರ್ಡ್ ಪ್ರಶ್ನೆಗಳು ಒಟ್ಟಿಗೆ ಬರುತ್ತವೆ. ಹಾಗಂತ ಬಾಲವನ್ನೇ ನಂಬಿ ಕೂರಬೇಡಿ. ಒಂದೇ ಹೊತ್ತಿಗೆ ನಡೆಯುವುದು ಅನ್ನುವ ಅರ್ಥದ ಕೋಇನ್‌ಸೈಡ್‌ನಲ್ಲಿ ಯಾರ ಕೊಲೆಯೂ ಆಗುವುದಿಲ್ಲ.

ಯಾವ ಜಾತಿಯ ಪುಸ್ತಕವಾದರೂ ಅದು ಶೇಂಗಾ ಹಿಂಡಿ (ಚಟ್ನಿಪುಡಿ) ಇದ್ದ ಹಾಗೆ. ರೊಟ್ಟಿಯ ಜೊತೆಗೆ ಚೆಂದ, ಬರೀ ಹಿಂಡಿ ತಿಂದು ಹೊಟ್ಟೆ ತುಂಬಿಸಿಕೊಳ್ಳಲು ಆಗದು. ದಿನದ ಓದು ಇದ್ದರೆ ಪುಸ್ತಕ ಬೇಕು, ಓದೇ ಇಲ್ಲದವರಿಗೆ ಅದು ಕಪಾಟಿನ ತೂಕ.

ಎಸ್‌ಎಸ್‌ಸಿಗೆ ಬಂದರೆ ಪುಸ್ತಕಕ್ಕಿಂತ ಹಳೆಯ ಪ್ರಶ್ನೆಪತ್ರಿಕೆ ಮೇಲು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಒನ್ ವರ್ಡ್, ಈಡಿಯಮ್, ಸ್ಪೆಲ್ಲಿಂಗ್ ಈ ಮೂರರಲ್ಲಿ ಹಿಂದೆ ಕೇಳಿದ್ದು ಮತ್ತೆ ಮತ್ತೆ ತಿರುಗಿ ಬರುತ್ತದೆ. ಸಿನೊನಿಮ್‌ನಲ್ಲಿ ನೇರ ಮರುಪ್ರಶ್ನೆ ಕಡಿಮೆ, ಆದರೆ ಹಿಂದಿನ ವರ್ಷ ತಪ್ಪು ಆಯ್ಕೆಯಾಗಿ ಕೊಟ್ಟ ಪದ ಮುಂದೆ ಪ್ರಶ್ನೆಯಾಗಿ ಬರಬಹುದು. ಆದ್ದರಿಂದ ನಾಲ್ಕೂ ಆಯ್ಕೆಗಳನ್ನು ಕಲಿಯಿರಿ, ಸರಿಯುತ್ತರ ಒಂದನ್ನೇ ಅಲ್ಲ. ಯುಪಿಎಸ್‌ಸಿ ಮತ್ತು ಕೆಪಿಎಸ್‌ಸಿ ತಮ್ಮ ಹಳೆಯ ಪತ್ರಿಕೆಗಳನ್ನು ತಮ್ಮ ವೆಬ್‌ಸೈಟಿನಲ್ಲೇ ಹಾಕಿವೆ. ಅದಕ್ಕೆ ದುಡ್ಡು ಕೊಡುವ ಅಗತ್ಯವಿಲ್ಲ. ಎಸ್‌ಎಸ್‌ಸಿ ಪತ್ರಿಕೆಗಳನ್ನು ಖಾಸಗಿ ಸಂಗ್ರಹಗಳಲ್ಲಿ ನೋಡುವುದೇ ಹೆಚ್ಚು. ಅವುಗಳ ಉತ್ತರಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ, ಅನುಮಾನ ಬಂದರೆ ಡಿಕ್ಷನರಿ ನೋಡಿ.

ಟೆಲಿಗ್ರಾಂನಲ್ಲಿ ಬರುವ 'ಇಂದಿನ 20 ಪದಗಳು' ಚಿತ್ರದ ಬಗ್ಗೆ ಒಂದು ಮಾತು. ನೋಡಿ, ಸೇವ್ ಮಾಡಿ, ಮರೆಯುವ ಸಾಮಾನು ಅದು. ಪದ ಉಳಿಯುವುದು ಎಷ್ಟು ಪದ ನೋಡಿದಿರಿ ಅನ್ನುವುದರಿಂದಲ್ಲ, ಅದೇ ಪದವನ್ನು ಯಾವ ಅಂತರದಲ್ಲಿ ಮತ್ತೆ ನೆನಪಿಸಿಕೊಂಡಿರಿ ಅನ್ನುವುದರಿಂದ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಕಲಿತದ್ದು ಮೊದಲ ದಿನದಲ್ಲೇ ಬಹಳಷ್ಟು ಜಾರಿಹೋಗುತ್ತದೆ, ಮತ್ತೆ ಮತ್ತೆ ನೆನಪಿಸಿಕೊಂಡಷ್ಟೂ ಜಾರುವುದು ನಿಧಾನವಾಗುತ್ತದೆ.

ಈ ಅಂತರದ ಲೆಕ್ಕವನ್ನು ತಾನೇ ನೋಡಿಕೊಳ್ಳುವ ಆ್ಯಪ್ ಆಂಕಿ. ಆಂಡ್ರಾಯ್ಡ್ ಮತ್ತು ಕಂಪ್ಯೂಟರ್‌ನಲ್ಲಿ ಪುಕ್ಕಟೆ, ಐಫೋನ್‌ನಲ್ಲಿ ಮಾತ್ರ ದುಡ್ಡು. ನೀವೇ ಕಾರ್ಡ್ ಮಾಡಬೇಕು: ಒಂದು ಕಡೆ ಪದ ಇರುವ ವಾಕ್ಯ, ಇನ್ನೊಂದು ಕಡೆ ಅರ್ಥ. ಬೇರೆಯವರು ಮಾಡಿದ ಐದು ಸಾವಿರ ಕಾರ್ಡಿನ ಗಂಟನ್ನು ಇಳಿಸಿಕೊಂಡರೆ ಹತ್ತು ದಿನದಲ್ಲಿ ಆ್ಯಪ್ ತೆರೆಯಲು ಭಯವಾಗುತ್ತದೆ. ಮೊಬೈಲ್ ಕೈಗೆ ಬಂದರೆ ರೀಲ್ಸ್‌ಗೆ ಹೋಗಿಬಿಡುವವರು ನೀವಾದರೆ, ಅದನ್ನು ನಿಮ್ಮಷ್ಟಕ್ಕೆ ಒಪ್ಪಿಕೊಂಡು, ಕಾಗದದ ಚೀಟಿ ಮಾಡಿ. ನಾಲ್ಕು ಖಾಲಿ ಡಬ್ಬಿ ಇಡಿ. ಹೊಸ ಚೀಟಿ ಮೊದಲ ಡಬ್ಬಿಗೆ, ಅದನ್ನು ದಿನಾ ನೋಡಬೇಕು. ಉತ್ತರ ಗೊತ್ತಾದರೆ ಎರಡನೆಯದಕ್ಕೆ, ಮೂರು ದಿನಕ್ಕೊಮ್ಮೆ. ಆಮೇಲೆ ವಾರಕ್ಕೊಮ್ಮೆ, ಕೊನೆಗೆ ಹದಿನೈದು ದಿನಕ್ಕೊಮ್ಮೆ. ಯಾವ ಡಬ್ಬಿಯಲ್ಲಿ ತಪ್ಪಿದರೂ ಚೀಟಿ ಮತ್ತೆ ಮೊದಲ ಡಬ್ಬಿಗೆ. ಆಂಕಿ ಒಳಗೆ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಮುದ್ದೇಬಿಹಾಳದಿಂದ ಬಸ್ಸಿನಲ್ಲಿ ದಿನಾ ಬಂದು ಹೋಗುವವರಿಗೆ ಇಪ್ಪತ್ತು ಚೀಟಿ ಜೇಬಿನಲ್ಲಿ ಇದ್ದರೆ ಆ ಸಮಯವೂ ವ್ಯರ್ಥವಾಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಉದ್ದುದ್ದ ಪಟ್ಟಿ ಬರೆಯುವುದು ಈ ಎಲ್ಲದರಲ್ಲಿ ಕೊನೆಯದು. ಬರೆಯುವಾಗ ಕೆಲಸ ಮಾಡಿದಂತೆ ಅನಿಸುತ್ತದೆ, ತಿರುಗಿ ನೋಡುವವರು ಕಡಿಮೆ. ಪದದ ಪಕ್ಕದಲ್ಲೇ ಅರ್ಥ ಕಾಣುವುದರಿಂದ ನೆನಪಿಗೆ ಕೆಲಸವೇ ಇರುವುದಿಲ್ಲ.

ಡಿಕ್ಷನರಿ ಯಾವುದು? ಶುರುವಿಗೆ ಇಂಗ್ಲಿಷ್ ಕನ್ನಡ ಇರಲಿ, ಬೇಗ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್‌ನ ಕಲಿಯುವವರ ಡಿಕ್ಷನರಿಗೆ ದಾಟಿಕೊಳ್ಳಿ. ಅವುಗಳಲ್ಲಿ ಅರ್ಥವನ್ನು ಸುಲಭ ಪದಗಳಲ್ಲೇ ಹೇಳುತ್ತಾರೆ, ಉದಾಹರಣೆ ವಾಕ್ಯ ಇರುತ್ತದೆ, ಇಂಟರ್ನೆಟ್ಟಿನಲ್ಲಿ ದುಡ್ಡಿಲ್ಲದೆ ನೋಡಬಹುದು. ಎಲ್ಲಿಂದ ಶುರು ಮಾಡಲಿ ಅನ್ನುವವರು 'ಆಕ್ಸ್‌ಫರ್ಡ್ 3000' ಪಟ್ಟಿ ಇಳಿಸಿಕೊಂಡು ಗೊತ್ತಿಲ್ಲದವಕ್ಕೆ ಗುರುತು ಹಾಕಿ. ಬುನಾದಿಯ ಪದಗಳಲ್ಲೇ ಎಷ್ಟು ತೂತಿದೆ ಅಂತ ಗೊತ್ತಾಗುತ್ತದೆ. ಅದನ್ನು ಮುಚ್ಚದೆ ಅಪರೂಪದ ಪದಗಳ ಬೆನ್ನು ಹತ್ತುವುದರಲ್ಲಿ ಅರ್ಥವಿಲ್ಲ. ಗೂಗಲ್ ಅನುವಾದದ ಕ್ಯಾಮರಾ ಹಿಡಿದು ಇಡೀ ಪ್ಯಾಸೇಜನ್ನು ಒಮ್ಮೆಲೇ ಕನ್ನಡ ಮಾಡಿಕೊಳ್ಳುವ ಅಭ್ಯಾಸ ಮಾತ್ರ ಇವತ್ತೇ ಬಿಡಿ. ಓದಿದ್ದು ಮೊಬೈಲ್, ನೀವಲ್ಲ.

ಮಾಕ್ ಟೆಸ್ಟ್ ಯಾವಾಗ?

ಮಾಕ್ ಟೆಸ್ಟ್, ಅಂದರೆ ಅಣಕು ಪರೀಕ್ಷೆಯನ್ನು ಹೆಚ್ಚಿನವರು ಬೇಗ ಶುರು ಮಾಡಿ ಬೇಗ ಸೋತುಬಿಡುತ್ತಾರೆ. ಮೊದಲು ಗಡಿಯಾರವಿಲ್ಲದೆ ಪ್ಯಾಸೇಜ್ ಬಿಡಿಸಿ, ಪ್ರತಿ ಉತ್ತರಕ್ಕೂ ಪ್ಯಾಸೇಜಿನ ಯಾವ ಸಾಲು ಆಧಾರ ಅಂತ ಬೆರಳಿಟ್ಟು ತೋರಿಸಿಕೊಳ್ಳಿ. ಸಾಲು ಸಿಗದ ಉತ್ತರ ಸರಿಯಿದ್ದರೂ ಅದೃಷ್ಟ ಅಷ್ಟೇ. ಇದು ಕೈಗೆ ಹತ್ತಿದ ಮೇಲೆ ಗಡಿಯಾರ ಬರಲಿ. ಬ್ಯಾಂಕಿನವರು ಇಪ್ಪತ್ತು ನಿಮಿಷದ ಇಂಗ್ಲಿಷ್ ಭಾಗವನ್ನು ಪ್ರತ್ಯೇಕವಾಗಿ, ಕಂಪ್ಯೂಟರ್ ಪರದೆಯ ಮೇಲೆ ಅಭ್ಯಾಸ ಮಾಡಬೇಕು. ಪುಸ್ತಕದಲ್ಲಿ ಗೆರೆ ಎಳೆದು ಓದುವ ಕಣ್ಣಿಗೆ ಪರದೆಯ ಮೇಲೆ ಓದುವುದು ಬೇರೆಯೇ ಅನಿಸುತ್ತದೆ.

ಮೊದಲು ಪ್ರಶ್ನೆ ಓದಬೇಕಾ, ಪ್ಯಾಸೇಜ್ ಓದಬೇಕಾ ಅಂತ ದೊಡ್ಡ ಜಗಳವೇ ಇದೆ. ಎಸ್‌ಎಸ್‌ಸಿಯ ನೇರ ಪ್ರಶ್ನೆಗಳಿಗೆ ಮೊದಲು ಪ್ರಶ್ನೆ ನೋಡಿದರೆ ಸಮಯ ಉಳಿಯುತ್ತದೆ. ಸಿಸ್ಯಾಟ್‌ನ ಸಣ್ಣ ಪ್ಯಾಸೇಜಿನಲ್ಲಿ 'ತಿರುಳು ಏನು', 'ಯಾವ ಊಹೆ ಸರಿ' ಅಂತ ಕೇಳುವುದರಿಂದ ಪ್ಯಾಸೇಜನ್ನೇ ಮೊದಲು ಓದುವುದು ವಾಸಿ. ಅಲ್ಲಿ ಜಗತ್ತಿನಲ್ಲಿ ನಿಜವಾದರೂ ಪ್ಯಾಸೇಜಿನಲ್ಲಿ ಇಲ್ಲದ ಆಯ್ಕೆಗೆ ಟಿಕ್ ಹಾಕಿ ಅಂಕ ಕಳೆದುಕೊಳ್ಳುವವರು ಜಿಕೆಯಲ್ಲಿ ಜಾಣರಾದವರೇ.

ಕೋಚಿಂಗ್ ಬೇಕಾ?

ಟಿಕ್ ಹಾಕುವ ಪರೀಕ್ಷೆಯ ಪ್ಯಾಸೇಜ್ ಮತ್ತು ಪದಗಳಿಗಾದರೆ, ದಿನಾ ಕೂತು ಓದುವ ಅಭ್ಯಾಸ ಇರುವವರಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಓದುವುದನ್ನು ಇನ್ನೊಬ್ಬರು ನಿಮ್ಮ ಪರವಾಗಿ ಮಾಡಲಾರರು. ಮೂರು ಜನ ಗೆಳೆಯರು ಸೇರಿ ವಾರಕ್ಕೆರಡು ಸಲ ಒಂದೇ ಪ್ಯಾಸೇಜ್ ಬಿಡಿಸಿ, ಉತ್ತರ ಬೇರೆ ಬಂದಲ್ಲಿ ಜಗಳ ಆಡಿದರೆ ಅರ್ಧ ಕ್ಲಾಸಿನ ಕೆಲಸ ಆಗುತ್ತದೆ. ವ್ಯಾಕರಣ ಪೂರ್ತಿ ಹೊಸದು ಅನ್ನುವವರಿಗೆ ಎರಡು ಮೂರು ತಿಂಗಳ ಕ್ಲಾಸ್ ಉಪಯೋಗ. ಅದಕ್ಕೆ ಧಾರವಾಡವೇ ಆಗಬೇಕಿಲ್ಲ. ಧಾರವಾಡದಲ್ಲಿ ಓದುವವರ ಗುಂಪು, ವಾತಾವರಣ ದೊಡ್ಡದು, ನಿಜ. ಆದರೆ ರೂಮು, ಊಟದ ಖರ್ಚು ಸೇರಿಸಿ ಲೆಕ್ಕ ಹಾಕಿ. ಇಂಗ್ಲಿಷ್ ಒಂದಕ್ಕಾಗಿ ಊರು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಬರೆಯುವ ಪತ್ರಿಕೆ ಇರುವವರ ಲೆಕ್ಕ ಬೇರೆ. ಪಿಎಸ್‌ಐ ಸಾರಾಂಶ, ಕೆಎಎಸ್ ಮತ್ತು ಯುಪಿಎಸ್‌ಸಿಯ ಕಡ್ಡಾಯ ಇಂಗ್ಲಿಷ್ ಬರೆಯುವವರಿಗೆ ತಿದ್ದುವವರು ಬೇಕೇ ಬೇಕು. ಯುಪಿಎಸ್‌ಸಿ ಪತ್ರಿಕೆಯಲ್ಲಿ ಪ್ರಬಂಧಕ್ಕೆ 100, ಪ್ಯಾಸೇಜ್‌ಗೆ 75, ಮೂರನೇ ಒಂದು ಭಾಗಕ್ಕೆ ಇಳಿಸುವ ಸಾರಾಂಶಕ್ಕೆ 75. ನಮ್ಮ ತಪ್ಪು ನಮಗೆ ಕಾಣುವುದಿಲ್ಲ ಅಲ್ವಾ? ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ. ಊರಿನ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರನ್ನೋ ಅಕ್ಕೋರನ್ನೋ ವಾರಕ್ಕೆ ಒಂದು ಹಾಳೆ ನೋಡಿಕೊಡಿ ಅಂತ ಕೇಳಿ. ಬಹಳ ಜನ ಖುಷಿಯಿಂದ ನೋಡುತ್ತಾರೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಪರೀಕ್ಷೆ ನಡೆಸಿ ಆಯ್ಕೆಯಾದವರಿಗೆ ಪುಕ್ಕಟೆ ಕೋಚಿಂಗ್ ಕೊಡಿಸುತ್ತವೆ. ಖಾಸಗಿ ಕ್ಲಾಸಿನ ಫೀ ಕಟ್ಟುವ ಮೊದಲು ಆ ಅರ್ಜಿ ಹಾಕಿದ್ದೀರಾ ನೋಡಿಕೊಳ್ಳಿ.

ಖಾಸಗಿ ಕ್ಲಾಸಿಗೆ ಹೋಗುವುದೇ ಆದರೆ ಡೆಮೊ ದಿನ ನಿಮಗೆ ತಪ್ಪಾದ ಒಂದು ಪ್ಯಾಸೇಜನ್ನು ಜೊತೆಗೆ ಒಯ್ಯಿರಿ. ಕ್ಲಾಸ್ ಮುಗಿದ ಮೇಲೆ, "ಸರ್, ಇಲ್ಲಿ ಸಿ ಸರಿ ಅಂತಾರ್ರಿ, ನಾ ಬಿ ಹಾಕಿದ್ದೆ, ಬಿ ಯಾಕ ಅಲ್ರಿ?" ಅಂತ ಕೇಳಿ. ಅವರು ಕೂತು ಪ್ಯಾಸೇಜ್ ಓದಿ, ಸಾಲಿನ ಮೇಲೆ ಬೆರಳಿಟ್ಟು ವಿವರಿಸಿದರೆ ಫೀ ಮಾತಾಡಿ. "ಕೀ ಆನ್ಸರ್‌ನಾಗ ಹಂಗ ಐತಿ" ಅಂದರೆ ಹೊರಗೆ ಒಂದು ಚಹಾ ಕುಡಿದು ಮನೆಗೆ ಬನ್ನಿ.